ದುಬಾರಿ ಕಾರು: ಹೊಸದೋ, ಹಳೆಯದೋ?

ಹಿಂದಿನ ಕಾಲದವರು ಕುದುರೆಯನ್ನು ಕೊಳ್ಳುವಾಗ ಸುಳಿ ನೋಡುತ್ತಿದ್ದರು. ಬಾಯಿ ತೆರೆಸಿ ಹಲ್ಲಿನಿಂದ ವಯಸ್ಸನ್ನು ನಿರ್ಣಯಿಸುತ್ತಿದ್ದರು. ಗೊರಸನ್ನು ಎತ್ತಿ ತಟ್ಟಿ ನೋಡುತ್ತಿದ್ದರು. ಈ ಲಕ್ಷಣಗಳನ್ನು ವಿವರಿಸುವ ಅಶ್ವಶಾಸ್ತ್ರದ ಗ್ರಂಥಗಳು ಕನ್ನಡದಲ್ಲಿಯೂ ರಚಿತವಾದವು. ಇಂದು ಕುದುರೆಯ ಸ್ಥಾನಕ್ಕೆ ಕಾರು ಬಂದಿದೆ. ಪರೀಕ್ಷಿಸುವ ಅಭ್ಯಾಸ ಮಾತ್ರ ಹಿಂದೆ ಉಳಿದಿದೆ. ಮೂತಿಯ ಮೇಲಿನ ಲಾಂಛನವನ್ನು ಕಂಡೊಡನೆ ಮುಂಗಡ ಕೊಟ್ಟುಬಿಡುವವರೇ ಹೆಚ್ಚು.

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳಂತಹ ಊರುಗಳಲ್ಲಿಯೂ ಈಗ ಬಿಎಂಡಬ್ಲ್ಯೂ, ಆಡಿ, ಬೆಂಜ್ ಎಂಬ ಹೆಸರುಗಳು ಮನೆಮಾತಾಗಿವೆ. ನಿವೃತ್ತಿಯ ಗಂಟೋ, ಪರದೇಶದಲ್ಲಿರುವ ಮಗನ ಗಳಿಕೆಯೋ ಕೈಗೆ ಬಂದಾಗ ‘ಒಂದು ಒಳ್ಳೆಯ ಕಾರು ಬರಲಿ’ ಎಂಬ ಆಸೆ ಹುಟ್ಟುವುದು ಸಹಜ. ಹೊಸದಕ್ಕೆ ಐವತ್ತು ಲಕ್ಷದ ಮಾತು. ಐದು ವರ್ಷ ಓಡಿದ್ದಕ್ಕೆ ಅದರ ಅರ್ಧದ ಮಾತು. ಹತ್ತು ವರ್ಷ ಓಡಿದ್ದು ಹೊಸ ಮಾರುತಿಯೊಂದರ ಬೆಲೆಗೇ ಸಿಕ್ಕೀತು. ಇವುಗಳಲ್ಲಿ ಯಾವುದು ನಿಜವಾಗಿ ಅಗ್ಗ? ಮನೆಯ ಉಳಿತಾಯವೆಲ್ಲ ಈ ಪ್ರಶ್ನೆಯ ಮೇಲೆ ನಿಂತಿರುವುದರಿಂದ ಉತ್ತರವನ್ನು ಸಾವಧಾನವಾಗಿ ಹುಡುಕಬೇಕು.

ಮೊದಲು ವಸ್ತು ಯಾವುದೆಂದು ತಿಳಿಯೋಣ. ಹಳೆಯ ಜೀಪಿಗೆ ಅಡಿಯಲ್ಲಿ ಏಣಿಯಾಕಾರದ ಉಕ್ಕಿನ ಚೌಕಟ್ಟು ಇರುತ್ತಿತ್ತು. ಅದರ ಮೇಲೆ ಮೈಯನ್ನು ಕೂರಿಸುತ್ತಿದ್ದರು. ಕಾರಿಗೆ ಹಾಗಲ್ಲ, ಅದರ ಮೈಯೇ ಅದರ ಚೌಕಟ್ಟು. ಈ ಕಾರಿನ ಮೈಯನ್ನೇ ತುಸು ಎತ್ತರಿಸಿ, ಜೀಪಿನ ಗಾಂಭೀರ್ಯ ಕೊಟ್ಟರೆ ಕ್ರಾಸ್‌ಓವರ್ ಆಯಿತು. ಬಿಎಂಡಬ್ಲ್ಯೂ ಎಕ್ಸ್ ೧ ನಮ್ಮ ದೇಶಕ್ಕೆ ೨೦೧೦ರಲ್ಲಿಯೂ, ಆಡಿ ಕ್ಯೂ ೩ ೨೦೧೨ರಲ್ಲಿಯೂ, ಮರ್ಸಿಡಿಸ್-ಬೆಂಜ್ ಜಿಎಲ್‌ಎ ೨೦೧೪ರಲ್ಲಿಯೂ, ವೋಲ್ವೋ ಎಕ್ಸ್‌ಸಿ ೪೦ ೨೦೧೮ರಲ್ಲಿಯೂ ಬಂದವು. ಇವೆಲ್ಲ ಈ ಜಾತಿಯವೇ. ನೋಟಕ್ಕೆ ಜೀಪಿನಂತಿದ್ದರೂ ಇವುಗಳಲ್ಲಿ ಹಲವಕ್ಕೆ ಎಂಜಿನ್ನಿನ ಬಲ ಎರಡೇ ಚಕ್ರಗಳಿಗೆ ಹೋಗುತ್ತದೆ. ಇಲ್ಲಿ ೨೦೨೩ರಲ್ಲಿ ಬಿಡುಗಡೆಯಾದ ಪೆಟ್ರೋಲ್ ಹಾಗೂ ಡೀಸೆಲ್ ಎಕ್ಸ್ ೧ ಕಾರುಗಳಲ್ಲಿ ಮುಂದಿನ ಚಕ್ರಗಳು ಮಾತ್ರ ಎಳೆಯುತ್ತವೆ. ಆದುದರಿಂದ ಜೋಯಿಡಾದ ಒಳಹಳ್ಳಿಯ ಕೆಸರಿನಲ್ಲಿ ಇಳಿಸಿ ಜೀಪಿನ ಕೆಲಸವನ್ನು ಇದರಿಂದ ನಿರೀಕ್ಷಿಸಬಾರದು. ನಾಲ್ಕೂ ಚಕ್ರ ಎಳೆಯುವ ಮಾದರಿ ಬೇಕೆಂದಿದ್ದರೆ ಅದನ್ನು ಹೆಸರಿಡಿದು ಕೇಳಿ, ಕಾಗದದಲ್ಲಿ ನೋಡಿ ಖಾತ್ರಿ ಮಾಡಿಕೊಳ್ಳಬೇಕು.

ಇನ್ನು ಬೆಲೆ. ಶೋರೂಮಿನವರು ಹೇಳುವ ಬೆಲೆ ಕೊನೆಯ ಬೆಲೆಯಲ್ಲ. ಕರ್ನಾಟಕದಲ್ಲಿ ೨೦ ಲಕ್ಷ ಮೀರಿದ ಪೆಟ್ರೋಲ್, ಡೀಸೆಲ್ ಕಾರಿಗೆ ಜೀವಾವಧಿ ತೆರಿಗೆ ಶೇಕಡಾ ೧೮. ಆ ತೆರಿಗೆಯ ಮೇಲೆ ಮತ್ತೆ ಶೇಕಡಾ ೧೧ ಉಪಕರ. ಅಂದರೆ ೪೫ ಲಕ್ಷದ ಕಾರಿಗೆ ತೆರಿಗೆಯೊಂದೇ ಸುಮಾರು ೯ ಲಕ್ಷ. ರಾಜ್ಯದಲ್ಲಿಯೇ ನೋಂದಣಿಯಾದ ಹಳೆಯ ಕಾರನ್ನು ಕೊಂಡರೆ ಈ ಹಣವನ್ನು ಮೊದಲ ಯಜಮಾನನೇ ಕಟ್ಟಿರುತ್ತಾನೆ. ಹಳೆಯದರ ದೊಡ್ಡ ಅನುಕೂಲವಿದು.

ಇನ್ನೊಂದು ಮಾತು. ೨೦೨೫ರ ಸೆಪ್ಟೆಂಬರ್ ೨೨ರವರೆಗೆ ಇಂತಹ ಕಾರುಗಳ ಮೇಲೆ ಜಿಎಸ್‌ಟಿ ಮತ್ತು ಪರಿಹಾರ ಉಪಕರ ಸೇರಿ ಶೇಕಡಾ ೪೫ರಿಂದ ೫೦ರವರೆಗೆ ಬೀಳುತ್ತಿತ್ತು. ಅಂದಿನಿಂದ ಉಪಕರ ಹೋಗಿ ಶೇಕಡಾ ೪೦ರ ಒಂದೇ ದರ ಬಂದಿತು. ಹಾಗಾಗಿ ಹಳೆಯ ಕಾರಿನವನು ‘ನಾನು ಇಷ್ಟು ಲಕ್ಷ ಕೊಟ್ಟಿದ್ದೆ’ ಎಂದು ರಸೀತಿ ತೋರಿಸಿದರೆ ಅದನ್ನು ಆಧಾರವಾಗಿ ಹಿಡಿಯಬಾರದು. ಅದೇ ಕಾರು ಇಂದು ಹೊಸದಾಗಿ ಎಷ್ಟಕ್ಕೆ ಸಿಗುತ್ತದೆ ಎಂಬುದರಿಂದಲೇ ಲೆಕ್ಕ ಆರಂಭವಾಗಬೇಕು.

ವಿಮೆಯವರು ಕಾರಿನ ಮೌಲ್ಯವನ್ನು ಎಣಿಸಲು ಬಳಸುವ ಒಂದು ಕೋಷ್ಟಕವುಂಟು. ಒಂದು ವರ್ಷ ದಾಟಿದ ಕಾರಿಗೆ ಶೇಕಡಾ ೨೦, ಎರಡು ದಾಟಿದರೆ ೩೦, ಮೂರು ದಾಟಿದರೆ ೪೦, ನಾಲ್ಕು ದಾಟಿದರೆ ೫೦ ಎಂದು ಬೆಲೆ ತಗ್ಗಿಸುತ್ತಾರೆ. ಮಾರುಕಟ್ಟೆಯ ಬೆಲೆ ಇದಕ್ಕಿಂತ ಹೆಚ್ಚು ಕಡಿಮೆ ಇರಬಹುದು. ಇಳಿಯುವ ಕ್ರಮ ಇದರಿಂದ ತಿಳಿಯುತ್ತದೆ. ಹೊಸದನ್ನು ಕೊಂಡವನು ಮೊದಲ ಐದು ವರ್ಷಗಳಲ್ಲಿ ಅರ್ಧ ಬೆಲೆಯನ್ನು ರಸ್ತೆಯಲ್ಲಿ ಬಿಟ್ಟು ಬರುತ್ತಾನೆ. ಆದರೆ ಕೊಳ್ಳುವವರು ಮರೆಯುವ ಸಂಗತಿ ಬೇರೆಯೇ ಇದೆ: ಕಾರಿನ ಬೆಲೆ ಇಳಿಯುತ್ತದೆ, ಬಿಡಿಭಾಗಗಳ ಬೆಲೆ ಇಳಿಯುವುದಿಲ್ಲ. ಹತ್ತು ಲಕ್ಷಕ್ಕೆ ಕೊಂಡ ಹಳೆಯ ಬೆಂಜಿನ ಗೇರ್‌ಪೆಟ್ಟಿಗೆ ಕೆಟ್ಟರೆ, ಬರುವುದು ಹತ್ತು ಲಕ್ಷದ ಕಾರಿನ ಗೇರ್‌ಪೆಟ್ಟಿಗೆಯಲ್ಲ, ಐವತ್ತು ಲಕ್ಷದ ಕಾರಿನದು. ಆನೆಯನ್ನು ದಾನವಾಗಿ ಪಡೆದರೂ ಮೇವನ್ನು ನಾವೇ ಹಾಕಬೇಕಷ್ಟೆ.

ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಈ ಮೇವಿನ ಖರ್ಚು ಇನ್ನೂ ತುಸು ಹೆಚ್ಚು. ಇಂತಹ ಕಾರುಗಳ ಕಂಪನಿಯ ಕಾರ್ಯಾಗಾರಗಳು ದೊಡ್ಡ ನಗರಗಳಲ್ಲಿವೆ. ನಮ್ಮ ಪೇಟೆಯ ಗ್ಯಾರೇಜಿನವರು ಎಷ್ಟೇ ಕೈಚಳಕದವರಾಗಿದ್ದರೂ ಕಂಪನಿಯ ಕಂಪ್ಯೂಟರ್ ಸಾಧನವಿಲ್ಲದೆ ಅನೇಕ ದೋಷಗಳನ್ನು ಪತ್ತೆ ಮಾಡಲಾರರು. ಕೆಟ್ಟ ಕಾರನ್ನು ಹೊತ್ತೊಯ್ಯುವ ಲಾರಿ ಅಣಶಿ ಘಟ್ಟದವರೆಗೆ ಬರುತ್ತದೆಯೇ, ಎಷ್ಟು ಹಣ ತೆಗೆದುಕೊಳ್ಳುತ್ತದೆ ಎಂಬುದನ್ನು ಕೊಳ್ಳುವ ಮೊದಲೇ ಕೇಳಿಡುವುದು ಒಳಿತು.

ಚಕ್ರಗಳನ್ನೂ ಗಮನಿಸಬೇಕು. ಅಂದಕ್ಕಾಗಿ ಹಾಕಿದ ದೊಡ್ಡ ಗಾಲಿ, ತೆಳ್ಳನೆಯ ಟಯರು ಹೆದ್ದಾರಿಗೆ ಚೆನ್ನ. ಮಳೆಗಾಲದ ಹೊಂಡಕ್ಕೆ ಬಿದ್ದರೆ ಗಾಲಿಯೇ ಸೀಳಬಹುದು. ಕೆಲವು ಮಾದರಿಗಳಲ್ಲಿ ಸ್ಟೆಪ್ನಿಯೇ ಇರುವುದಿಲ್ಲ. ಗಾಳಿ ಹೋದರೂ ಸ್ವಲ್ಪ ದೂರ ಓಡುವ ಟಯರನ್ನು ಕೊಟ್ಟಿರುತ್ತಾರೆ. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ನಡುವೆ, ಮೊಬೈಲಿಗೆ ಸಂಕೇತ ಸಿಗದ ತಿರುವಿನಲ್ಲಿ ಆ ‘ಸ್ವಲ್ಪ ದೂರ’ ಸಾಲದೆ ಹೋಗಬಹುದು. ಉಳವಿಗೋ ಕ್ಯಾಸಲ್‌ರಾಕಿಗೋ ಮನೆಮಂದಿಯೊಡನೆ ಹೋಗಿಬರುವವರು ಚಿಕ್ಕ ಗಾಲಿಯ, ದಪ್ಪ ಟಯರಿನ, ಸ್ಟೆಪ್ನಿಯುಳ್ಳ ಮಾದರಿಯನ್ನೇ ಆರಿಸಬೇಕು.

ಇಂಧನದ ಆಯ್ಕೆಯನ್ನು ಮನೆಯ ಓಡಾಟವೇ ನಿರ್ಧರಿಸಬೇಕು. ಈಚಿನ ಡೀಸೆಲ್ ಕಾರುಗಳ ಹೊಗೆಕೊಳವೆಯಲ್ಲಿ ಮಸಿಯನ್ನು ಹಿಡಿದಿಡುವ ಜರಡಿಯೊಂದಿದೆ. ಎಂಜಿನ್ನು ಬಹಳ ಹೊತ್ತು ಬಿಸಿಯಾಗಿ ಓಡಿದಾಗ ಆ ಮಸಿ ಸುಟ್ಟುಹೋಗುತ್ತದೆ. ದಾಂಡೇಲಿಯ ಬಂಗೂರನಗರದಿಂದ ಪೇಟೆಗೆ, ಪೇಟೆಯಿಂದ ಮನೆಗೆ ಎಂದು ದಿನವೂ ಎರಡು ಮೈಲಿ ಓಡಿಸುವವರ ಕಾರಿನಲ್ಲಿ ಅದು ಸುಡದೆ ಕಟ್ಟಿಕೊಳ್ಳುತ್ತದೆ. ಅಂತಹವರಿಗೆ ಪೆಟ್ರೋಲೇ ಲೇಸು. ಹಳಿಯಾಳದಿಂದ ಧಾರವಾಡಕ್ಕೆ, ಮುಂಡಗೋಡದಿಂದ ಹುಬ್ಬಳ್ಳಿಗೆ ವಾರದಲ್ಲಿ ಹಲವು ಬಾರಿ ಹೋಗುವವರಿಗೆ ಡೀಸೆಲ್ ಒಗ್ಗುತ್ತದೆ. ಹಳೆಯ ಪೆಟ್ರೋಲ್ ಕಾರನ್ನು ಕೊಳ್ಳುವವರು ಇನ್ನೊಂದನ್ನು ನೋಡಬೇಕು: ೨೦೨೫ರ ಹೊತ್ತಿಗೆ ದೇಶದ ಬಂಕುಗಳಲ್ಲಿ ಶೇಕಡಾ ೨೦ ಎಥನಾಲ್ ಬೆರೆತ ಪೆಟ್ರೋಲು ಸಾಮಾನ್ಯವಾಯಿತು. ೨೦೨೩ರ ಏಪ್ರಿಲಿಗಿಂತ ಹಿಂದಿನ ಕಾರು ಇದಕ್ಕೆ ಹೊಂದುತ್ತದೆಯೇ ಎಂಬುದನ್ನು ಅದರ ಕೈಪಿಡಿಯಲ್ಲಿ ನೋಡತಕ್ಕದ್ದು.

ವಿದ್ಯುತ್ ಕಾರಿಗೆ ಜಿಎಸ್‌ಟಿ ಶೇಕಡಾ ೫ ಮಾತ್ರ. ೨೫ ಲಕ್ಷ ಮೀರಿದ ವಿದ್ಯುತ್ ಕಾರಿಗೆ ನಮ್ಮ ರಾಜ್ಯ ೨೦೨೪ರಲ್ಲಿ ಶೇಕಡಾ ೧೦ ಜೀವಾವಧಿ ತೆರಿಗೆ ಹಾಕಿತು. ಆದರೂ ತೆರಿಗೆಯ ಹೊರೆ ಹಗುರವೇ. ಮನೆಯಲ್ಲಿ ಭದ್ರವಾದ ವಿದ್ಯುತ್ ಸಂಪರ್ಕವಿದ್ದು, ಹೋಗುವ ದಾರಿ ಗೊತ್ತಿದ್ದದ್ದಾದರೆ ಇದನ್ನು ಯೋಚಿಸಬಹುದು. ಆಷಾಢದ ಗಾಳಿಗೆ ಮರ ಬಿದ್ದು ತಂತಿ ಹರಿಯುವ ಊರಿನವರು ಮಾತ್ರ ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಈಗ ಹಳೆಯ ಕಾರಿನ ‘ಹಲ್ಲು ನೋಡುವ’ ಬಗೆ. ಬೆಳಗ್ಗೆ, ಎಂಜಿನ್ನು ತಣ್ಣಗಿರುವಾಗಲೇ ಹೋಗಿ ನಿಮ್ಮ ಎದುರಿನಲ್ಲಿ ಚಾಲೂ ಮಾಡಿಸಿರಿ. ಬಿಸಿ ಮಾಡಿಟ್ಟ ಎಂಜಿನ್ನು ತನ್ನ ದೋಷವನ್ನು ಮುಚ್ಚಿಕೊಳ್ಳುತ್ತದೆ. ಗೇರು ತಾನಾಗಿ ಬದಲಾಗುವ ಕಾರಾದರೆ ಏರಿನಲ್ಲಿಯೂ ಜನಸಂದಣಿಯಲ್ಲಿಯೂ ನಿಧಾನವಾಗಿ ಓಡಿಸಿ, ಜಗ್ಗುತ್ತದೆಯೇ ನೋಡಿರಿ. ಟಯರಿನ ಬದಿಯಲ್ಲಿ ನಾಲ್ಕು ಅಂಕಿಗಳಿರುತ್ತವೆ. ೩೨೨೧ ಎಂದಿದ್ದರೆ ೨೦೨೧ರ ೩೨ನೆಯ ವಾರದಲ್ಲಿ ತಯಾರಾದದ್ದು ಎಂದರ್ಥ. ನೆಲಹಾಸನ್ನು ಎತ್ತಿ, ಸೀಟಿನ ಪಟ್ಟಿಯನ್ನು ಪೂರ್ತಿ ಹೊರಗೆಳೆದು ನೋಡಿರಿ. ಕೆಸರಿನ ಗೆರೆ, ಸೀಟಿನ ಕಂಬಿಯ ತುಕ್ಕು, ಮುಗ್ಗಲು ವಾಸನೆ ಕಂಡರೆ ಅದು ನೀರಿನಲ್ಲಿ ಮುಳುಗಿದ ಕಾರು. ೨೦೨೨ರ ಸೆಪ್ಟೆಂಬರಿನ ಮಳೆಗೆ ಬೆಂಗಳೂರಿನ ಸಿರಿವಂತರ ಬಡಾವಣೆಗಳಲ್ಲಿ ಬೆಲೆಬಾಳುವ ಕಾರುಗಳೇ ಮುಳುಗಿದ್ದವು ಎಂಬುದನ್ನು ನೆನಪಿನಲ್ಲಿಡಬೇಕು. ಮಲೆನಾಡಿನಲ್ಲಿ ನಿಂತ ಕಾರಾದರೆ ಇಲಿ ಕಡಿದ ತಂತಿಗಳನ್ನೂ ಹುಡುಕಬೇಕು. ಕೊನೆಗೆ, ನಾಲ್ಕಾರು ಸಾವಿರ ಖರ್ಚಾದರೂ ಸರಿ, ಕಂಪನಿಯ ಕಾರ್ಯಾಗಾರದಲ್ಲಿ ಕಂಪ್ಯೂಟರ್ ಪರೀಕ್ಷೆ ಮಾಡಿಸಿ, ಚಾಸಿ ಸಂಖ್ಯೆಯ ಮೇಲೆ ಸರ್ವಿಸಿನ ಪೂರ್ಣ ಚರಿತ್ರೆಯನ್ನು ಕೇಳಿರಿ. ಓಡಿದ ಕಿಲೋಮೀಟರುಗಳ ಸತ್ಯಾಸತ್ಯ ಅಲ್ಲಿ ಹೊರಬೀಳುತ್ತದೆ. ಇದಕ್ಕೆ ಒಪ್ಪದ ಮಾರಾಟಗಾರನಿಗೆ ಕೈಮುಗಿದು ಬರುವುದೇ ಸರಿ.

ಕಾಗದಪತ್ರಗಳ ಪರೀಕ್ಷೆಯೂ ಅಷ್ಟೇ ಮುಖ್ಯ. ಮಾಲೀಕತ್ವದ ವರ್ಗಾವಣೆಗೆ ೨೯ ಮತ್ತು ೩೦ನೆಯ ನಮೂನೆಗಳು ಬೇಕು. ಬ್ಯಾಂಕಿನ ಸಾಲವಿದ್ದ ಕಾರಾದರೆ ೩೫ನೆಯ ನಮೂನೆಯೊಡನೆ ಸಾಲ ತೀರಿದ ಪತ್ರವೂ ಬೇಕು. ಪೂರ್ತಿ ಹಣವನ್ನು ಇವು ಕೈಗೆ ಬಂದಮೇಲೆ ಕೊಡುವುದು ಕ್ಷೇಮ. ಜೋಯಿಡಾದ ಗಡಿಯಾಚೆಯೇ ಗೋವೆ ಇರುವುದರಿಂದ ಅಲ್ಲಿಯ ಕಾರು ಅಗ್ಗವೆಂದು ತರುವವರುಂಟು. ೧೯೮೮ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಪರರಾಜ್ಯದ ಗಾಡಿಯನ್ನು ೧೨ ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇಟ್ಟುಕೊಂಡರೆ ಇಲ್ಲಿಯ ನೋಂದಣಿ ಸಂಖ್ಯೆ ಪಡೆಯಲೇಬೇಕು. ಅದಕ್ಕೆ ಆ ರಾಜ್ಯದ ನಿರಾಕ್ಷೇಪಣಾ ಪತ್ರ ಬೇಕು. ಕಾರಿನ ವಯಸ್ಸಿಗೆ ತಕ್ಕ ಜೀವಾವಧಿ ತೆರಿಗೆಯನ್ನು ಇಲ್ಲಿಯೂ ಕಟ್ಟಬೇಕು. ದಾಂಡೇಲಿಯ ಕೆಎ ೬೫ ಫಲಕ ಬರುವ ಹೊತ್ತಿಗೆ ಆ ಅಗ್ಗ ಬಹುಮಟ್ಟಿಗೆ ಕರಗಿರುತ್ತದೆ. ದೆಹಲಿಯ ಕಡೆಯ ಹಳೆಯ ಡೀಸೆಲ್ ಕಾರುಗಳ ಮಾತೂ ಇದೇ. ವಿಮೆಯನ್ನು ೧೪ ದಿನಗಳೊಳಗೆ ನಿಮ್ಮ ಹೆಸರಿಗೆ ಬದಲಾಯಿಸಿಕೊಳ್ಳಿರಿ. ಎಂಜಿನ್ನಿಗೆ ನೀರು ನುಗ್ಗಿದ ಹಾನಿಗೆ ಪ್ರತ್ಯೇಕ ರಕ್ಷಣೆಯನ್ನು ಸೇರಿಸಿರಿ. ಸಾಮಾನ್ಯ ವಿಮೆಯಲ್ಲಿ ಅದು ಬರುವುದಿಲ್ಲ.

ಇಷ್ಟೆಲ್ಲ ತೂಗಿ ನೋಡಿದಾಗ ದಾರಿ ಸ್ಪಷ್ಟವಾಗುತ್ತದೆ. ಹತ್ತು ವರ್ಷಗಟ್ಟಲೆ ಒಂದೇ ಕಾರನ್ನು ಇಟ್ಟುಕೊಳ್ಳುವ, ಹಣದ ಅಡಚಣೆಯಿಲ್ಲದ ಮನೆಯವರು ಹೊಸದನ್ನು ಕೊಳ್ಳಲಿ. ಉಳಿದವರಿಗೆ ಮೂರು ನಾಲ್ಕು ವರ್ಷ ಓಡಿದ, ಇದೇ ರಾಜ್ಯದ, ಒಬ್ಬರೇ ಯಜಮಾನರ ಕೈಯಲ್ಲಿದ್ದ, ಸರ್ವಿಸಿನ ಲೆಕ್ಕ ಪೂರ್ತಿಯಾಗಿರುವ ಕಾರೇ ಹಿತ. ಕಂಪನಿಯ ವಾರಂಟಿಯನ್ನು ಮುಂದುವರಿಸಿಕೊಳ್ಳಲು ಬಂದರೆ ಇನ್ನೂ ಒಳ್ಳೆಯದು. ಕೊಂಡ ಬೆಲೆಯ ಹತ್ತರಲ್ಲೊಂದು ಪಾಲನ್ನು ದುರಸ್ತಿಗಾಗಿ ಬ್ಯಾಂಕಿನಲ್ಲಿ ಬೇರೆಯಾಗಿ ಇಡಲು ಆಗದವರು ಹತ್ತು ವರ್ಷದ ಹಳೆಯ ಬೆಂಜಿನ ಆಸೆಯನ್ನು ಬಿಟ್ಟು, ಅದೇ ಹಣಕ್ಕೆ ನಮ್ಮೂರ ಗ್ಯಾರೇಜಿನಲ್ಲಿಯೇ ರಿಪೇರಿಯಾಗುವ ಹುಂಡೈ, ಟಾಟಾ, ಮಹೀಂದ್ರಾಗಳಂತಹ ಹೊಸ ಕಾರನ್ನು ತರಲಿ. ನಡುರಾತ್ರಿ ಮನೆಯ ಹಿರಿಯರನ್ನು ಹುಬ್ಬಳ್ಳಿಯ ಆಸ್ಪತ್ರೆಗೆ ಕರೆದೊಯ್ಯಬೇಕಾದಾಗ ಯಾರೂ ಲಾಂಛನವನ್ನು ನೋಡುವುದಿಲ್ಲ. ಕೀಲಿ ತಿರುಗಿಸಿದೊಡನೆ ಕಾರು ಹೊರಟರೆ ಸಾಕು ಎನ್ನುತ್ತಾರೆ.