ಗ್ಲೆನೆಲ್ಗ್ ತಿರುಗಿಸಿದರೆ ಗ್ಲೆನೆಲ್ಗ್, ವಿಕಟಕವಿ ತಿರುಗಿಸಿದರೆ?



ಅಡಿಲೇಡ್ ನಗರದಿಂದ ಕಡಲ ಕಡೆಗೆ ಟ್ರ್ಯಾಮ್ ಹತ್ತಿದರೆ ಕೊನೆಯ ನಿಲ್ದಾಣ ನಮ್ಮ ಗ್ಲೆನೆಲ್ಗ್. ಇಂಗ್ಲಿಷಿನಲ್ಲಿ ಈ ಹೆಸರಿಗೆ ಏಳು ಅಕ್ಷರ. ಎಡದಿಂದ ಓದಿ, ಬಲದಿಂದ ಓದಿ, ಎರಡೂ ಒಂದೇ! ಬ್ರಿಟನ್ನಿನ ವಸಾಹತು ಸಚಿವನಾಗಿದ್ದ ಲಾರ್ಡ್ ಗ್ಲೆನೆಲ್ಗ್‌ನಿಂದ ಬಂದ ಹೆಸರಿದು. 2012ರಲ್ಲಿ ನಾಸಾದ ಕ್ಯೂರಿಯಾಸಿಟಿ ಬಂಡಿ ಮಂಗಳ ಗ್ರಹದಲ್ಲಿ ಇಳಿದಾಗ, ಹೋಗುತ್ತಾ ಒಮ್ಮೆ, ಬರುತ್ತಾ ಒಮ್ಮೆ ಹಾಯಬೇಕಾಗಿದ್ದ ಜಾಗಕ್ಕೆ ಗ್ಲೆನೆಲ್ಗ್ ಎಂಬ ಹೆಸರೇ ಸರಿ ಎಂದುಕೊಂಡರಂತೆ ವಿಜ್ಞಾನಿಗಳು.

ಇಂಥ ಪದಗಳಿಗೆ ಕನ್ನಡದಲ್ಲೇನು ಬರವೇ? ತೆನಾಲಿ ರಾಮಕೃಷ್ಣನ ಬಿರುದು ವಿಕಟಕವಿ ಇದೆ. ಗದಗ, ನಯನ, ಕನಕ, ಜಲಜ, ಸಮಾಸ, ನವಜೀವನ... ಹುಡುಕಿದಷ್ಟೂ ಸಿಗುತ್ತವೆ. ಪದ ಬರೆದೊಡನೆ "ಹೌದು, ತಿರುಗಿಸಿದರೂ ಅದೇ" ಎಂದೋ "ಅಲ್ಲ" ಎಂದೋ ಹೇಳುವ ಪುಟ್ಟ ಜಾಲಪುಟವೊಂದನ್ನು ಮಕ್ಕಳಿಗಾಗಿ ನಾವೇ ಮಾಡಿಕೊಂಡರೆ ಹೇಗೆ? ಅದಕ್ಕೆ ಬೇಕಾದ್ದು ಒಂದು ನೋಟ್‌ಪ್ಯಾಡ್, ಒಂದು ಬ್ರೌಸರ್, ಸ್ವಲ್ಪ ಜಾವಾಸ್ಕ್ರಿಪ್ಟ್. ಇಷ್ಟೇ.

ಜಾಲಪುಟಕ್ಕೆ ಎಚ್‌ಟಿಎಂಎಲ್ ಮೈ ಇದ್ದಂತೆ, ಜಾವಾಸ್ಕ್ರಿಪ್ಟ್ ಉಸಿರು. 1995ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಬ್ರೆಂಡನ್ ಐಕ್ ಇದರ ಮೊದಲ ರೂಪವನ್ನು ಹತ್ತೇ ದಿನದಲ್ಲಿ ಬರೆದರು. ಇಂದು ಎಲ್ಲ ಮುಖ್ಯ ಬ್ರೌಸರುಗಳ ಹೊಟ್ಟೆಯಲ್ಲೂ ಇದು ಇದೆ, ಬೇರೆ ತಂತ್ರಾಂಶ ಹಾಕಿಕೊಳ್ಳಬೇಕಿಲ್ಲ.

ಮೊದಲ ಹೆಜ್ಜೆ, ಕಿವಿಗೊಡುವುದು. ಪುಟದಲ್ಲಿ ಒಂದು ಖಾಲಿ ಪೆಟ್ಟಿಗೆ ಇಡಿ, ಅದಕ್ಕೆ ಆಡ್‌ಈವೆಂಟ್‌ಲಿಸನರ್ ಕಟ್ಟಿ. ಇಲ್ಲೊಂದು ಕಿವಿಮಾತು: ಕೀಲಿ ಒತ್ತಿದ್ದನ್ನು ಹಿಡಿಯುವ ಕೀಡೌನ್ ಬೇಡ, ಪೆಟ್ಟಿಗೆಯೊಳಗಿನ ಬರಹ ಬದಲಾದಾಗ ಕೂಗುವ ಇನ್‌ಪುಟ್ ಎಂಬ ಈವೆಂಟ್ ಹಿಡಿಯಿರಿ. ಫೋನಿನ ಕನ್ನಡ ಕೀಲಿಮಣೆಯಲ್ಲಿ ಯಾವ ಕೀಲಿ ಒತ್ತಿದರೆಂದು ಕೀಡೌನ್ ಎಷ್ಟೋ ಸಲ ಸರಿಯಾಗಿ ಹೇಳುವುದಿಲ್ಲ.

ಎರಡನೆಯ ಹೆಜ್ಜೆ, ತಿರುಗಿಸುವುದು. ಪುಸ್ತಕಗಳಲ್ಲಿ ಸಿಗುವ ಸೂತ್ರ ಸರಳ: ಸ್ಪ್ಲಿಟ್ ಮಾಡಿ ಬಿಡಿಸಿ, ರಿವರ್ಸ್ ಮಾಡಿ ತಿರುಗಿಸಿ, ಜಾಯಿನ್ ಮಾಡಿ ಜೋಡಿಸಿ. ಗದಗ ಕೊಟ್ಟರೆ ಗದಗವೇ ಬರುತ್ತದೆ, ಭೇಷ್! ನವಜೀವನ ಕೊಟ್ಟು ನೋಡಿ. "ನವೀಜವನ" ಎಂದು ಬರುತ್ತದೆ! ವಿಕಟಕವಿಯ ಪಾಡಂತೂ ಕೇಳಲೇಬೇಡಿ. ಗುಡಿಸು ಕಳಚಿಕೊಂಡು, ಅಂಟಿಕೊಳ್ಳಲು ಅಕ್ಷರವಿಲ್ಲದೆ ಮೊದಲಲ್ಲೇ ಒಂಟಿಯಾಗಿ ನಿಲ್ಲುತ್ತದೆ.

ಹೀಗೇಕೆ? ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಮೀಸಲಿಟ್ಟಿರುವುದು 3200ರಿಂದ 3327ರವರೆಗಿನ 128 ಮನೆಗಳು. ಅದರಲ್ಲಿ ಜ ಒಂದು ಮನೆ (3228), ದೀರ್ಘ ಈಕಾರದ ಚಿಹ್ನೆ ಇನ್ನೊಂದು ಮನೆ (3264). ನಮಗೆ "ಜೀ" ಒಂದೇ ಅಕ್ಷರ, ಯಂತ್ರಕ್ಕೆ ಎರಡು. ನವಜೀವನ ನಮಗೆ ಐದಕ್ಷರ, ಜಾವಾಸ್ಕ್ರಿಪ್ಟ್‌ನ ಲೆಂಗ್ತ್ ಹೇಳುವುದು ಆರು. ವಿಕಟಕವಿಯೂ ಐದೇ, ಯಂತ್ರದ ಲೆಕ್ಕದಲ್ಲಿ ಏಳು. ಇಂಗ್ಲಿಷಿಗೆ ಹೊಲಿದ ಅಂಗಿ ಕನ್ನಡದ ಮೈಗೆ ಕೂರದು ಎನ್ನುವುದು ಇದಕ್ಕೇ!

ಪರಿಹಾರವೂ ಜಾವಾಸ್ಕ್ರಿಪ್ಟ್‌ನಲ್ಲೇ ಇದೆ. ಇಂಟ್ಲ್ ಡಾಟ್ ಸೆಗ್ಮೆಂಟರ್ ಎಂಬ ಸಲಕರಣೆ ಕ್ರೋಮ್‌ಗೆ 2020ರಲ್ಲಿ, ಸಫಾರಿಗೆ 2021ರಲ್ಲಿ, ಫೈರ್‌ಫಾಕ್ಸ್‌ಗೆ 2024ರಲ್ಲಿ ಬಂತು. ಅದು "ಜೀ"ಯನ್ನು ಒಡೆಯದೆ ಇಡಿಯಾಗಿ ಕೊಡುತ್ತದೆ. ಆದರೆ ಒತ್ತಕ್ಷರ ಬಂದಾಗ ಜಾಗ್ರತೆ: "ಕ್ಕ" ಎಂಬುದು "ಕ್" ಮತ್ತು "ಕ" ಎಂದು ತುಂಡಾಗಬಹುದು. ಅದಕ್ಕೆ ನಮ್ಮದೇ ಒಂದು ನಿಯಮ ಸೇರಿಸಿ: ತುಂಡಿನ ಕೊನೆಯಲ್ಲಿ ಅರ್ಧಾಕ್ಷರದ ಚಿಹ್ನೆ (3277) ಇದ್ದರೆ ಅದನ್ನು ಮುಂದಿನ ತುಂಡಿಗೆ ಅಂಟಿಸಿ. ಈಗ ತಿರುಗಿಸಿ ಹೋಲಿಸಿದರೆ ವಿಕಟಕವಿ ಪಾಸು! ಗ್ಲೆನೆಲ್ಗ್? ಕನ್ನಡದಲ್ಲಿ ಗ್ಲೆ, ನೆ, ಲ್ಗ್ ಆಗಿ ಫೇಲು.

ಇದು ಬರೀ ಮಕ್ಕಳಾಟವಲ್ಲ. ಯುಗಾದಿಗೋ ರಾಜ್ಯೋತ್ಸವಕ್ಕೋ ಹೆಸರು ನೋಂದಾಯಿಸುವ ಪುಟ ಮಾಡಿ, ಹೆಸರಿಗೆ ಹತ್ತೇ ಅಕ್ಷರ ಎಂದು ಮಿತಿ ಹಾಕಿದಿರೆನ್ನಿ. ವಿಷ್ಣುವರ್ಧನ ಎಂಬ ಹೆಸರು ನಮ್ಮ ಲೆಕ್ಕಕ್ಕೆ ಐದಕ್ಷರ, ಯಂತ್ರಕ್ಕೆ ಹನ್ನೊಂದು. ಬರೆಯುತ್ತಾ ಹೋದರೆ ಕೊನೆಯ "ನ" ಒಳಗೆ ಹೋಗುವುದೇ ಇಲ್ಲ, ಉಳಿಯುವುದು "ವಿಷ್ಣುವರ್ಧ"! ಪರದೇಶದಲ್ಲಿ ನಮ್ಮ ಹೆಸರುಗಳು ಇತರರ ಬಾಯಲ್ಲಿ ತುಂಡಾಗುವುದು ಇದ್ದದ್ದೇ. ನಾವೇ ಮಾಡಿದ ಪುಟದಲ್ಲೂ ಆಗಬೇಕೇ? ಮಿತಿ ಹಾಕಲೇಬೇಕಿದ್ದರೆ ಮೇಲೆ ಹೇಳಿದಂತೆ ಅಕ್ಷರ ಎಣಿಸಿ ಹಾಕಿ.

ಮೂರನೆಯ ಹೆಜ್ಜೆ, ಉತ್ತರ ತೋರಿಸುವುದು. ಇದಕ್ಕೆ ಎರಡು ದಾರಿ, ಇನ್ನರ್‌ಎಚ್‌ಟಿಎಂಎಲ್ ಮತ್ತು ಟೆಕ್ಸ್ಟ್‌ಕಂಟೆಂಟ್. ಬೇರೆಯವರು ಬರೆದದ್ದನ್ನು ತೋರಿಸುವಾಗ ಎರಡನೆಯದನ್ನೇ ಬಳಸಿ. ಮೊದಲನೆಯದರಲ್ಲಿ ಯಾರಾದರೂ ಹೆಸರಿನ ಜಾಗದಲ್ಲಿ ತುಂಟ ಆಜ್ಞೆ ಬರೆದರೆ ಬ್ರೌಸರ್ ಅದನ್ನು ನಡೆಸಿಬಿಡಬಹುದು. ಎರಡನೆಯದರಲ್ಲಿ ಅದು ಬರೀ ಬರಹವಾಗಿ ಉಳಿಯುತ್ತದೆ. ಮಗು ಕಂಡುಹಿಡಿದ ಪದಗಳನ್ನು ಲೋಕಲ್ ಸ್ಟೋರೇಜ್‌ನಲ್ಲಿ ಇಟ್ಟರೆ ನಾಳೆ ಅದೇ ಬ್ರೌಸರಿನಲ್ಲಿ ಪುಟ ತೆರೆದಾಗಲೂ ಪಟ್ಟಿ ಹಾಗೇ ಇರುತ್ತದೆ. ಸರ್ವರ್ ಬೇಡ, ಖರ್ಚೂ ಇಲ್ಲ.

ಪರ್ತ್, ಬ್ರಿಸ್ಬೇನ್, ಅಡಿಲೇಡ್ ಎಲ್ಲೇ ಇರಲಿ, ನಮ್ಮ ಮನೆಗಳ ಕಥೆ ಹೆಚ್ಚು ಕಡಿಮೆ ಒಂದೇ. ಮಕ್ಕಳಿಗೆ ಮಾತು ಅರ್ಥವಾಗುತ್ತದೆ, "ಊಟ ಆಯ್ತಾ" ಎಂದರೆ "ಆಯ್ತು" ಎನ್ನುತ್ತಾರೆ, ಬರೆಯುವಾಗ ಮಾತ್ರ ಇಂಗ್ಲಿಷ್ ಅಕ್ಷರ. ಕಾಗುಣಿತ ಎಂದರೆ ಅವರಿಗೆ ಉದ್ದನೆಯ ಬೇಸರದ ಪಟ್ಟಿ. ಅದೇ ಮಗು ನವಜೀವನ ಏಕೆ ನವೀಜವನ ಆಯಿತೆಂದು ತಲೆ ಕೆರೆದುಕೊಂಡರೆ, ವ್ಯಂಜನಕ್ಕೆ ಸ್ವರ ಸೇರಿ ಒಂದು ಅಕ್ಷರವಾಗುವ ಗುಟ್ಟು ಬಾಯಿಪಾಠವಿಲ್ಲದೆ ತಲೆಗೆ ಹೋಗುತ್ತದೆ. ಪ್ರೋಗ್ರಾಮಿಂಗ್ ಕಲಿತದ್ದು ಲಾಭದ ಮೇಲೆ ಲಾಭ!

ಈ ಶನಿವಾರ ಊರಿಗೆ ವಿಡಿಯೋ ಕರೆ ಮಾಡಿದಾಗ ಅಜ್ಜಿ ತಾತಂದಿರನ್ನು ಇಂಥ ಪದಗಳನ್ನು ಕೇಳಿ. ಅವರ ಬತ್ತಳಿಕೆಯಲ್ಲಿ ನಮಗಿಂತ ಹೆಚ್ಚಿರುತ್ತವೆ. ಅವರು ಹೇಳಲಿ, ಮಕ್ಕಳು ಕನ್ನಡದಲ್ಲೇ ಬರೆಯಲಿ, ಪುಟ ತೀರ್ಪು ಕೊಡಲಿ.

ಸಿರಿಗನ್ನಡಂ ಗೆಲ್ಗೆ!