ದಾರಿ ನಿಂತಾಗ ಎದುರಾಗುವವರು

ಇಂದ್ರಾಳಿಯಲ್ಲಿರುವ ಉಡುಪಿ ರೈಲು ನಿಲ್ದಾಣದಿಂದ ಪೇಟೆಗೆ ಮೂರ್ನಾಲ್ಕು ಕಿಲೋಮೀಟರ್. ಮೆಟ್ಟಿಲಿಳಿದು ಹೊರಗೆ ಬಂದರೆ ಮೊದಲು ಕಾಣುವುದು ರಿಕ್ಷಾಗಳ ಸಾಲು. ಆಟಿ ತಿಂಗಳ ಮಳೆ ಬೆಳಗಿನಿಂದ ಬಿಟ್ಟಿರಲಿಲ್ಲ. ಉತ್ತರದ ಕಡೆ ಹಳಿಯ ಮೇಲೆ ಎಲ್ಲೋ ಮಣ್ಣು ಬಿದ್ದು ಮುಂಬೈ ಕಡೆಯ ಗಾಡಿ ನಾಲ್ಕು ಗಂಟೆ ತಡ ಎಂದು ಧ್ವನಿವರ್ಧಕ ಸಾರುತ್ತಿತ್ತು. ಟ್ರಂಕು, ಹಲಸಿನ ಹಪ್ಪಳದ ಕಟ್ಟು, ಎರಡು ಚೀಲ ಹಿಡಿದು ಕುಳಿತಿದ್ದ ವಯಸ್ಸಾದ ದಂಪತಿಗೆ ಅದು ಸರಿಯಾಗಿ ಕೇಳಿಸಿದಂತಿರಲಿಲ್ಲ. ರಿಕ್ಷಾದವರೊಬ್ಬರು ಕೊಡೆ ಮಡಚಿಕೊಂಡು ಒಳಗೆ ಬಂದು ತಮ್ಮ ಮೊಬೈಲಿನಲ್ಲಿ ಗಾಡಿ ಎಲ್ಲಿದೆಯೆಂದು ನೋಡಿದರು. "ಅಮ್ಮಾ, ಗಾಡಿ ಇನ್ನೂ ದೂರ ಉಂಟು. ಇಲ್ಲಿ ಕೂತು ಎಂತ ಮಾಡ್ತೀರಿ? ಕೃಷ್ಣ ಮಠಕ್ಕೆ ಹೋಗಿ ಊಟ ಮುಗಿಸಿ ಬನ್ನಿ. ಎರಡೂವರೆಗೆ ನಾನೇ ಬಂದು ಕರ್ಕೊಂಡು ಬರ್ತೇನೆ." ಹೋಗುವ ಬಾಡಿಗೆಯನ್ನು ಅವರು ಆಗ ತೆಗೆದುಕೊಳ್ಳಲಿಲ್ಲ. ಬರುವಾಗ ಒಟ್ಟಿಗೆ ಕೊಟ್ಟರಾಯಿತು ಎಂದರು.

ಈ ಕರಾವಳಿಯಲ್ಲಿ ಮಳೆಗಾಲದ ಪ್ರಯಾಣ ಎಂದರೆ ಎಲ್ಲಾದರೂ ಒಂದು ಕಡೆ ನಿಲ್ಲುವುದು ಇದ್ದದ್ದೇ. ಮಂಗಳೂರಿನಿಂದ ಉಡುಪಿಯವರೆಗಿನ ಹಳಿ 1993ರಲ್ಲಿ ತೆರೆಯಿತು. ಕೊಂಕಣ ರೈಲುಮಾರ್ಗ ಪೂರ್ತಿಯಾಗಿ ಸಂಚಾರಕ್ಕೆ ತೆರೆದದ್ದು 1998ರ ಜನವರಿ 26ರಂದು. ಬೆಟ್ಟ ಕಡಿದು, ಸುರಂಗ ಕೊರೆದು, ಹೊಳೆಗೆ ಹೊಳೆ ದಾಟಿಸಿ ಹಾಕಿದ ಹಳಿ ಇದು. ಮಳೆಗಾಲಕ್ಕೆಂದೇ ಇದಕ್ಕೆ ಬೇರೆ ವೇಳಾಪಟ್ಟಿ ಇದೆ. ಗ್ಯಾಂಗ್‌ಮ್ಯಾನ್‌ಗಳು ರಾತ್ರಿಯಿಡೀ ಟಾರ್ಚು ಹಿಡಿದು ಹಳಿಯುದ್ದಕ್ಕೂ ನಡೆದು ದರೆ ಜರಿದಿದೆಯೇ, ಬಂಡೆ ಉರುಳಿದೆಯೇ ಎಂದು ನೋಡುತ್ತಾರೆ. ನಿದ್ದೆಗಣ್ಣಿನ ಪ್ರಯಾಣಿಕರಿಗೆ ಅವರ ಮುಖ ಗೊತ್ತಿರುವುದಿಲ್ಲ. 2019ರ ಆಗಸ್ಟಿನಲ್ಲಿ ಮಂಗಳೂರಿನ ಪಡೀಲು–ಕುಲಶೇಖರ ನಡುವೆ ಗುಡ್ಡ ಜರಿದಾಗ ದಿನಗಟ್ಟಲೆ ರೈಲು ಸಂಚಾರ ನಿಂತಿತ್ತು. 2024ರ ಜುಲೈಯಲ್ಲಿ ಗೋವಾದ ಪೆರ್ನೆಂ ಸುರಂಗದಲ್ಲಿ ನೀರು ಉಕ್ಕಿ ಮತ್ತೆ ಹಾಗೆಯೇ ಆಯಿತು. ಅಂಥ ದಿನಗಳಲ್ಲಿ ಇಂದ್ರಾಳಿಯ ರಿಕ್ಷಾದವರೇ ಮಾಹಿತಿ ಕೇಂದ್ರ. ಮಂಗಳೂರಿಗೆ ಎಕ್ಸ್‌ಪ್ರೆಸ್ ಬಸ್ಸು ಎಲ್ಲಿ ನಿಲ್ಲುತ್ತದೆ, ಕೇರಳದ ಕಡೆಗೆ ಹೋಗುವವರು ಎಲ್ಲಿ ಇಳಿದು ಬೇರೆ ಬಸ್ಸು ಹಿಡಿಯಬೇಕು, ರಾತ್ರಿ ಉಳಿಯಲು ಕಡಿಮೆ ಬಾಡಿಗೆಯ ಕೋಣೆ ಎಲ್ಲಿದೆ, ಎಲ್ಲ ಅವರ ಬಾಯಲ್ಲಿದೆ.

ಮಠದ ದಾರಿಗೆ ಬರೋಣ. ಕಲ್ಸಂಕದಲ್ಲಿ ಇಳಿದು ನಡೆದರೆ ರಥಬೀದಿ ಹತ್ತಿರವೇ. ಉಡುಪಿಯ ಕೃಷ್ಣನನ್ನು ಅನ್ನಬ್ರಹ್ಮ ಎಂದು ಕರೆಯುತ್ತಾರೆ. ಪೂಜೆಯ ಸರದಿಯಾದ ಪರ್ಯಾಯ ಯಾವ ಮಠದ್ದೇ ಇರಲಿ, ಊಟ ಇದ್ದೇ ಇರುತ್ತದೆ. ಬಸ್ಸು ತಪ್ಪಿಸಿಕೊಂಡವನಿಗೆ, ರೈಲು ಕಾಯುವವನಿಗೆ, ಆಸ್ಪತ್ರೆಯಿಂದ ಬಂದವನಿಗೆ ಸಾಲಿನಲ್ಲಿ ಒಂದು ಜಾಗ ಸಿಗುತ್ತದೆ. ಇದೇ ಬೀದಿಗಳ ಸುತ್ತಮುತ್ತ 2020ರ ಸೆಪ್ಟೆಂಬರ್ 20ರ ಬೆಳಗ್ಗೆ ನೀರು ನಿಂತಿತ್ತು. ರಾತ್ರಿಯಿಡೀ ಸುರಿದ ಮಳೆಗೆ ಕಲ್ಸಂಕ, ಬೈಲಕೆರೆ, ಮಠದಬೆಟ್ಟು ಎಲ್ಲ ಮುಳುಗಿದವು. ದೋಣಿ ಬಂದು ಜನರನ್ನು ಮನೆಯಿಂದ ಹೊರತರಬೇಕಾಯಿತು. ಕೊರೊನಾ ಕಾಲ ಅದು, ಒಬ್ಬರನ್ನೊಬ್ಬರು ಮುಟ್ಟಲು ಹೆದರುತ್ತಿದ್ದ ದಿನಗಳು. ಆದರೂ ದೋಣಿಯಲ್ಲಿ ಅಜ್ಜಿಯರನ್ನು ಎತ್ತಿ ಕೂರಿಸಿದವರು ಆ ಲೆಕ್ಕ ನೋಡಲಿಲ್ಲ.

ದೋಣಿ ಈ ಜಿಲ್ಲೆಗೆ ಹೊಸತೂ ಅಲ್ಲ. ಸೇತುವೆಗಳು ಬರುವ ಮೊದಲು ಮಂಗಳೂರಿನಿಂದ ಉಡುಪಿಗೆ ಒಂದೇ ಬಸ್ಸಿನಲ್ಲಿ ಬರಲು ಸಾಧ್ಯವಿರಲಿಲ್ಲ. ಕೂಳೂರಿನಲ್ಲಿ ಇಳಿಯಬೇಕು, ದೋಣಿ ಹತ್ತಬೇಕು, ಆಚೆ ದಡದಲ್ಲಿ ಇನ್ನೊಂದು ಬಸ್ಸು ಹಿಡಿಯಬೇಕು. ಮೂಲ್ಕಿಯಲ್ಲಿ ಮತ್ತೆ ಹಾಗೆಯೇ, ಉದ್ಯಾವರದಲ್ಲಿ ಇನ್ನೊಮ್ಮೆ. ಹೊಳೆ ತುಂಬಿ ಹರಿದರೆ ಕಡವಿನಲ್ಲೇ ರಾತ್ರಿ. ಹತ್ತಿರದ ಮನೆಯವರು ಬೆಲ್ಲ, ನೀರು ಕೊಟ್ಟು, ಗಂಜಿ ಬಡಿಸಿ, ಚಾವಡಿಯಲ್ಲಿ ಚಾಪೆ ಹಾಸುತ್ತಿದ್ದರು. ಇಂದು ಅವರು, ನಾಳೆ ನಾವು ಎಂಬುದು ಎಲ್ಲರಿಗೂ ಗೊತ್ತಿತ್ತು. ಈ ಊರವರ ಉಪಕಾರ ಬುದ್ಧಿಗೆ ಬರೀ ಒಳ್ಳೆಯ ಮನಸ್ಸು ಕಾರಣವೆಂದು ನನಗೆ ಅನಿಸುವುದಿಲ್ಲ. ಅಡ್ಡಡ್ಡ ಹರಿಯುವ ಹೊಳೆಗಳು, ನಾಲ್ಕು ತಿಂಗಳ ಮಳೆ, ಬೆನ್ನಿಗೆ ಘಟ್ಟ, ಇವುಗಳ ನಡುವೆ ತಲೆಮಾರುಗಳಿಂದ ಬದುಕಿ ಕಲಿತ ನಡವಳಿಕೆ ಇದು.

ಮಣಿಪಾಲಕ್ಕೆ ಹೋಗುವ ಬಸ್ಸು ಹತ್ತಿದರೆ ಆ ನಡವಳಿಕೆಯ ಇಂದಿನ ರೂಪ ಕಾಣುತ್ತದೆ. ಹಿಂದೆ ಮುರಕಲ್ಲಿನ ಬೋಳುಗುಡ್ಡವಾಗಿದ್ದ ಜಾಗದಲ್ಲಿ ಡಾ. ಟಿ.ಎಂ.ಎ. ಪೈ 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಕಟ್ಟಿದರು. ಇವತ್ತು ಶಿವಮೊಗ್ಗ, ದಾವಣಗೆರೆ, ಚಿಕ್ಕಮಗಳೂರು, ಉತ್ತರ ಕನ್ನಡಗಳ ಕಾಯಿಲೆಯವರೆಲ್ಲ ಹುಡುಕಿಕೊಂಡು ಬರುವುದು ಇಲ್ಲಿಗೆ. ಟೈಗರ್ ಸರ್ಕಲ್ಲಿನಲ್ಲಿ ನಿಂತು ನೋಡಿ: ಕಾಲೇಜಿನ ಮಕ್ಕಳ ನಡುವೆ ಎಕ್ಸ್‌ರೇ ಲಕೋಟೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡವರು ಇಳಿಯುತ್ತಾರೆ. ಕಂಡಕ್ಟರ್ ಇಳಿಸುವಾಗಲೇ ಹೇಳುತ್ತಾನೆ, "ಅಣ್ಣಾ, ರಸ್ತೆ ದಾಟಿ ಎಡಕ್ಕೆ. ಚೀಟಿ ಮಾಡಿಸುವಲ್ಲಿ ಮೊದಲು ಕೇಳಿ." ಘಟ್ಟದ ಮೇಲಿನವರಿಗೆ ಕನ್ನಡ, ಊರಿನವರಿಗೆ ತುಳು, ಬ್ಯಾರಿ ಅಜ್ಜನಿಗೆ ಬ್ಯಾರಿ, ಕೊಂಕಣಿ ಅಮ್ಮನಿಗೆ ಕೊಂಕಣಿ. ಸೀಟಿ ಊದುವ ಬಾಯಿಯಲ್ಲೇ ಇಷ್ಟು ಭಾಷೆ.

ಆಸ್ಪತ್ರೆ ಎದುರಿನ ಸಣ್ಣ ಹೋಟೆಲೊಂದರಲ್ಲಿ ಚಾ ಕುಡಿಯುತ್ತ ಅಂಕೋಲೆಯ ಕಡೆಯ ಹೆಂಗಸೊಬ್ಬರ ಜೊತೆ ಮಾತಿಗೆ ಕುಳಿತೆ. ಉತ್ತರ ಕನ್ನಡದಲ್ಲಿ ದೊಡ್ಡ ಆಸ್ಪತ್ರೆ ಬೇಕೆಂದು ಅಲ್ಲಿನ ಜನ ವರ್ಷಗಳಿಂದ ಕೇಳುತ್ತಿದ್ದಾರೆ. ಆಗುವವರೆಗೆ ಮಣಿಪಾಲವೇ ಗತಿ, ಅದಕ್ಕೆ ಹೆದ್ದಾರಿ 66 ನೇರ ಹಾದಿ. 2024ರ ಜುಲೈ 16ರ ಬೆಳಗ್ಗೆ ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಆ ಹಾದಿ ಮುಚ್ಚಿತು. ಹೆದ್ದಾರಿ ಬದಿಯಲ್ಲಿ ಲಾರಿಯವರಿಗೆ ಚಾ ಮಾಡಿಕೊಡುತ್ತಿದ್ದ ಕುಟುಂಬ ಅಂಗಡಿಯ ಜೊತೆಗೇ ಗಂಗಾವಳಿ ನದಿಗೆ ಹೋಯಿತು. ದಾರಿಹೋಕರಿಗಾಗಿ ಬೆಳಗ್ಗೆ ಒಲೆ ಹಚ್ಚಿದವರು ಅವರು. ಆ ಸುದ್ದಿಯನ್ನು ನೆನೆದರೆ ಈಗಲೂ ಗಂಟಲು ಕಟ್ಟುತ್ತದೆ. ಆ ದಿನಗಳಲ್ಲಿ ಈ ಹೆಂಗಸಿನ ಗಂಡನಿಗೆ ಮಣಿಪಾಲದಲ್ಲಿ ಮುಂದಿನ ತಪಾಸಣೆಯ ದಿನ ಗೊತ್ತಾಗಿತ್ತು. ಸುತ್ತು ದಾರಿಯಲ್ಲಿ ಘಟ್ಟ ಹತ್ತಿ ಇಳಿದು ಬಂದಾಗ ಕತ್ತಲಾಗಿತ್ತಂತೆ. "ಕೌಂಟರ್ ಮುಚ್ಚಿತ್ತು. ಇದೇ ಹೋಟೆಲಿನವರು ಹಿಂದಿನ ಕೋಣೆಯಲ್ಲಿ ಮಲಗಿಸಿದ್ರು. ಗಂಜಿಗೆ ದುಡ್ಡು ತಕಳಲಿಲ್ಲ," ಎಂದರು. ಗಲ್ಲಾದಲ್ಲಿ ಕುಳಿತಿದ್ದವರು ಅದು ತಮ್ಮ ವಿಷಯವೇ ಅಲ್ಲವೆಂಬಂತೆ ಚಿಲ್ಲರೆ ಎಣಿಸುತ್ತಿದ್ದರು.

ಅದೇ ಶಿರೂರಿಗೆ ಮಲ್ಪೆಯಿಂದ ಹೋದವರು ಈಶ್ವರ ಮಲ್ಪೆ. ಗಂಗಾವಳಿಯ ಕೆಸರು ನೀರಿನಲ್ಲಿ ಮುಳುಗಿ, ಆ ಕುಸಿತದಲ್ಲಿ ಕಾಣೆಯಾದ ಕೇರಳದ ಲಾರಿ ಚಾಲಕನಿಗಾಗಿ ಹುಡುಕಿದವರು. ಹೊಳೆ, ಸಮುದ್ರ, ಬಾವಿ ಎಲ್ಲಿ ಯಾರು ಬಿದ್ದರೂ ಅವರಿಗೆ ಕರೆ ಹೋಗುತ್ತದೆ. ಸಿಕ್ಕಿದ್ದು ಜೀವವೋ ದೇಹವೋ, ಮನೆಯವರ ಕೈಗೆ ಒಪ್ಪಿಸುತ್ತಾರೆ. ಆ ಲಾರಿ ಸಿಕ್ಕಿದ್ದು ಎರಡು ತಿಂಗಳು ದಾಟಿ, ಸೆಪ್ಟೆಂಬರ್ ಕೊನೆಯಲ್ಲಿ. ಕೋಝಿಕ್ಕೋಡಿನ ತಾಯಿಯೊಬ್ಬಳಿಗಾಗಿ ನೀರಿಗಿಳಿದ ಮಲ್ಪೆಯವರನ್ನು ಕೇರಳದ ಜನ ಈಗಲೂ ನೆನೆಯುತ್ತಾರೆ.

ಮಣಿಪಾಲದಿಂದ ಕಾರ್ಕಳಕ್ಕೆ ಹೋಗುವ ಬಸ್ಸು ಪರ್ಕಳ, ಆತ್ರಾಡಿ, ಹಿರಿಯಡಕ, ಬೈಲೂರು ಹಾದು ಹೋಗುತ್ತದೆ. ಹಿರಿಯಡಕ ದಾಟಿ ಸ್ವಲ್ಪ ಮುಂದೆ ದೊಡ್ಡ ಧೂಪದ ಮರವೊಂದು ವಿದ್ಯುತ್ ತಂತಿಯನ್ನೂ ಎಳೆದುಕೊಂಡು ರಸ್ತೆಗೆ ಅಡ್ಡ ಬಿದ್ದಿತ್ತು. ಎರಡೂ ಕಡೆ ಬಸ್ಸು, ಟೆಂಪೋ, ಶಾಲೆಯ ಮಕ್ಕಳ ಓಮ್ನಿ. ನಮ್ಮ ಡ್ರೈವರ್ ಮೊದಲು ಮಾಡಿದ ಕೆಲಸ ಬಾಗಿಲಿಗೆ ಅಡ್ಡ ನಿಂತದ್ದು: "ಯಾರೂ ಇಳಿಯುದು ಬೇಡ ಮಾರಾಯ್ರೆ, ಮೊದಲು ಕರೆಂಟು ತೆಗೀಲಿ." ಕಂಡಕ್ಟರ್ ಲೈನ್‌ಮ್ಯಾನಿಗೆ ಫೋನು ಮಾಡಿದ, ಆ ನಂಬರು ಅವನಿಗೆ ಬಾಯಿಪಾಠ. ಕರೆಂಟು ಹೋಯಿತೆಂದು ಖಾತ್ರಿಯಾದ ಮೇಲೆ ಹತ್ತಿರದ ಮನೆಗಳಿಂದ ಕತ್ತಿ, ಕೊಡಲಿ ಬಂದವು. ಯಾರೋ ಮರ ಕೊಯ್ಯುವ ಮೆಷಿನನ್ನು ಸ್ಕೂಟರಿನಲ್ಲಿ ಹೊತ್ತು ತಂದರು. ಗೆಲ್ಲುಗಳನ್ನು ಎಳೆದು ಹಾಕುವಲ್ಲಿ ಪ್ಯಾಂಟು ಮಡಚಿದ ಬ್ಯಾಂಕಿನವರೂ ಇದ್ದರು, ಲುಂಗಿ ಎತ್ತಿ ಕಟ್ಟಿದ ಕೂಲಿಯವರೂ ಇದ್ದರು. ಎದುರಿನ ಮನೆಯ ಅಕ್ಕ ಓಮ್ನಿಯ ಮಕ್ಕಳನ್ನೆಲ್ಲ ಚಾವಡಿಗೆ ಕರೆದು ಕೂರಿಸಿ ಒಬ್ಬೊಬ್ಬರ ಮನೆಗೂ ಫೋನು ಮಾಡಿಸಿದರು. ಮುಕ್ಕಾಲು ಗಂಟೆಯಲ್ಲಿ ಒಂದು ಬಸ್ಸು ಹೋಗುವಷ್ಟು ದಾರಿ ಆಯಿತು. ಯಾವ ಬಸ್ಸು ಮೊದಲು ಎಂಬ ಮಾತೇ ಬರಲಿಲ್ಲ. ಆಚೆ ಬದಿಯಲ್ಲಿ ಡಯಾಲಿಸಿಸ್‌ಗೆ ಹೊರಟವರ ಕಾರು ಇದೆಯೆಂದು ಗೊತ್ತಾದಾಗ ಎಲ್ಲರೂ ಹಿಂದೆ ಸರಿದರು.

ಕಾರ್ಕಳದಲ್ಲಿ ಗೊಮ್ಮಟ ಬೆಟ್ಟ ನೋಡದೆ ಬರುವುದುಂಟೆ? ಮೆಟ್ಟಿಲು ಜಾರುತ್ತಿದ್ದವು, ಆದರೂ ಹತ್ತಿದೆ. 1432ರಲ್ಲಿ ವೀರಪಾಂಡ್ಯ ಭೈರರಸ ನಿಲ್ಲಿಸಿದ 42 ಅಡಿಯ ಏಕಶಿಲಾ ಮೂರ್ತಿ, ಮಳೆಯಲ್ಲಿ ತೊಯ್ದು ಕಪ್ಪಾಗಿ ಹೊಳೆಯುತ್ತಿತ್ತು. ಈ ಮೂರ್ತಿಯನ್ನು ಇಪ್ಪತ್ತು ಗಾಲಿಯ ಬಂಡಿಯಲ್ಲಿ ಸಾವಿರಾರು ಜನ ಸೇರಿ ಬೆಟ್ಟಕ್ಕೆ ಎಳೆದರೆಂದು ಹೇಳಿಕೆ ಇದೆ. ಎದುರಿನ ದಿಣ್ಣೆಯಲ್ಲಿ 1586ರ ಚತುರ್ಮುಖ ಬಸದಿ. ನಾಲ್ಕು ದಿಕ್ಕಿಗೂ ಬಾಗಿಲು, ಯಾವ ಕಡೆಯಿಂದ ಬಂದವರಿಗೂ ಅದು ಎದುರುಬಾಗಿಲೇ. ಮೇಲಿನಿಂದ ಪೂರ್ವಕ್ಕೆ ನೋಡಿದರೆ ಘಟ್ಟ ಮೋಡದಲ್ಲಿ ಮುಳುಗಿತ್ತು.

ಘಟ್ಟದ ಕಡೆ ಹೊರಟವರನ್ನು ಕಾರ್ಕಳದವರು ತಡೆಯುವ ರೀತಿ ನನಗೆ ಬಹಳ ಹಿಡಿಸಿತು. ಬಸ್ ನಿಲ್ದಾಣದ ಬಳಿ ಹಣ್ಣಿನ ಅಂಗಡಿಯಲ್ಲಿ ಬೆಂಗಳೂರಿನ ಹುಡುಗರು ಬಾಳೆಹಣ್ಣು ಕೊಳ್ಳುತ್ತ ಕುದುರೆಮುಖದ ದಾರಿ ಕೇಳಿದರು. ಅಂಗಡಿಯವರು ಗಡಿಯಾರ ನೋಡಿದರು. "ಈಗ ಹೊರಟ್ರೆ ಆಗ್ಲಿಕ್ಕಿಲ್ಲ. ಆರು ಗಂಟೆಗೆ ಗೇಟು ಹಾಕ್ತಾರೆ, ಕಾಡಿನೊಳಗೆ ರಾತ್ರಿ ಬಿಡುದಿಲ್ಲ. ಆಗುಂಬೆಯಲ್ಲಿ ಹೋಗುದಾದ್ರೂ ಈ ಮಳೆಗೆ ಬೇಡ, ಹದಿನಾಲ್ಕು ತಿರುವು ಉಂಟು. ಇವತ್ತು ಇಲ್ಲೇ ಉಳೀರಿ, ಬೆಳಿಗ್ಗೆ ಹೋಗಿ." ಹುಡುಗರು ಒಬ್ಬರ ಮುಖ ಒಬ್ಬರು ನೋಡಿ ಕಾರಿನ ಕೀಲಿ ಜೇಬಿಗೆ ಹಾಕಿಕೊಂಡರು. ಶಿರಾಡಿಯಲ್ಲಿ ಮಣ್ಣು ಕುಸಿದರೆ ಯಾವ ಘಾಟಿ ತೆರೆದಿದೆ, ಯಾವುದರಲ್ಲಿ ಭಾರದ ಲಾರಿ ಬಿಡುವುದಿಲ್ಲ ಎಂಬುದು ಈ ಅಂಗಡಿಯಲ್ಲಿ ಫೋನಿನ ನಕ್ಷೆಗಿಂತ ಮೊದಲೇ ಗೊತ್ತಾಗಿರುತ್ತದೆ. ಮೇಲಿನಿಂದ ಇಳಿದ ತರಕಾರಿ ಲಾರಿಯವರು ಹೇಳಿ ಹೋಗಿರುತ್ತಾರೆ.

ಕಾರ್ಕಳದಿಂದ ನಿಟ್ಟೆ, ಬೆಳ್ಮಣ್ಣು ಹಾದು ಪಡುಬಿದ್ರಿಗೆ ಇಳಿದರೆ ಮತ್ತೆ ಹೆದ್ದಾರಿ, ಉತ್ತರಕ್ಕೆ ಹೋದರೆ ಕಾಪು. ಬೀಚಿನ ಬಂಡೆಯ ಮೇಲೆ 1901ರಿಂದ ನಿಂತಿರುವ ದೀಪಸ್ತಂಭದ ಬಳಿ ಅಲೆಗಳ ಅಬ್ಬರ. ಮೀನುಗಾರಿಕೆ ನಿಷೇಧದ ತಿಂಗಳು, ದೊಡ್ಡ ಬೋಟುಗಳೆಲ್ಲ ಬಂದರಿನಲ್ಲಿ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗ ಇದೇ ಕಾಪುವಿನ ಎದುರು ಟಗ್ಗೊಂದು ಬಂಡೆಗಳ ನಡುವೆ ಸಿಕ್ಕಿಬಿತ್ತು. ಒಳಗಿದ್ದ ಒಂಬತ್ತು ಮಂದಿಯನ್ನು ನೌಕಾಪಡೆಯ ಹೆಲಿಕಾಪ್ಟರ್ ಮತ್ತು ತಟರಕ್ಷಣಾ ಪಡೆಯವರು ಮೇ 17ರಂದು ಪಾರುಮಾಡಿದರು. ಅದೇ ಗಾಳಿಗೆ ಮಗುಚಿದ ಇನ್ನೊಂದು ಟಗ್ಗಿನವರು ಎಲ್ಲರೂ ಉಳಿಯಲಿಲ್ಲ. ಬಲೆ ಹೆಣೆಯುತ್ತಿದ್ದ ಮೊಗವೀರ ಹಿರಿಯರೊಬ್ಬರಲ್ಲಿ ಆ ಮಾತು ತೆಗೆದೆ. "ನಮ್ಮ ಕಣ್ಣೆದುರಿಗೇ ಇತ್ತು ಹಡಗು. ದೋಣಿ ಹಾಕುವ ಹಾಗಿರಲಿಲ್ಲ. ಹೋಗ್ಲಿಕ್ಕೆ ಆಗದೆ ನಿಂತದ್ದು ಉಂಟಲ್ಲ, ಅದು ಈಗಲೂ ಹೊಟ್ಟೆಯಲ್ಲಿ ಉರಿಯುತ್ತದೆ," ಎಂದು ಬಲೆಯ ಕಣ್ಣಿಗೆ ಮತ್ತೆ ನೂಲು ಹಾಕಿದರು.

ಹೆದ್ದಾರಿ ನಾಲ್ಕು ಪಥವಾದದ್ದರಿಂದ ಆಂಬುಲೆನ್ಸಿಗೆ, ಲಾರಿಗೆ, ದೂರದ ಬಸ್ಸಿಗೆ ಉಪಕಾರವಾಗಿದೆ. ಅದರಲ್ಲಿ ಎರಡು ಮಾತಿಲ್ಲ. ಆದರೆ ಅಗಲವಾದಾಗ ಬದಿಯ ಗೂಡಂಗಡಿಗಳು ಎದ್ದುಹೋದವು, ಗೋಳಿಮರಗಳು ಹೋದವು, ಬಸ್ಸು ಕಾಯುವವರು ನೀರು ಎರಚಿಸಿಕೊಂಡು ನಿಲ್ಲುವಂತಾಯಿತು. ಮಳೆಗಾಲಕ್ಕೆ ಮುಂಚೆ ಅಧಿಕಾರಿಗಳ ಸಭೆಗಳು ನಡೆಯುತ್ತವೆ. ಅಲ್ಲಿ ಕಂಡಕ್ಟರುಗಳಿಗೆ, ರಿಕ್ಷಾದವರಿಗೆ, ರಸ್ತೆಬದಿಯ ಅಂಗಡಿಯವರಿಗೆ ಒಂದು ಕುರ್ಚಿ ಹಾಕಿಸಬೇಕು. ಎಲ್ಲಿ ದರೆ ಜರಿಯುತ್ತದೆ, ಯಾವ ಮೋರಿ ಕಟ್ಟಿಕೊಳ್ಳುತ್ತದೆ, ಯಾವ ಮರ ವಾಲಿದೆ ಎಂದು ದಿನಕ್ಕೆ ಹತ್ತು ಸಲ ಆ ದಾರಿಯಲ್ಲಿ ಓಡಾಡುವವರಿಗಿಂತ ಹೆಚ್ಚು ಯಾರಿಗೆ ಗೊತ್ತು?

ಕಾಪುವಿನ ಈಚೆಗೆ ಸರ್ವಿಸ್ ರಸ್ತೆಯ ಒಂದು ನಿಲುಗಡೆಯಲ್ಲಿ ಉಡುಪಿ ಬಸ್ಸಿಗೆ ಕಾಯುತ್ತಿದ್ದೆ. ಸಂಜೆಯ ಮಳೆ ಜೋರಾದಾಗ ಹಿಂದಿನ ಅಂಗಡಿಯವರು ನಮ್ಮನ್ನೆಲ್ಲ ಮಾಡಿನೊಳಗೆ ಕರೆದರು: ಮೀನು ಮಾರಿ ಬುಟ್ಟಿ ಖಾಲಿಮಾಡಿಕೊಂಡ ಇಬ್ಬರು ಹೆಂಗಸರು, ಒಬ್ಬ ಕಾಲೇಜು ಹುಡುಗಿ, ನಾನು. ಗಲ್ಲಾದ ಬಳಿ ರಟ್ಟಿನ ತುಂಡೊಂದನ್ನು ತೂಗುಹಾಕಿದ್ದರು. ಅದರಲ್ಲಿ ಕೊನೆಯ ಬಸ್ಸುಗಳ ಸಮಯ, ಜೆಸಿಬಿಯವರ ನಂಬರು, ಆಂಬುಲೆನ್ಸು, ಲೈನ್‌ಮ್ಯಾನ್, ಮರ ಕೊಯ್ಯುವವರು; ಬೇರೆ ಬೇರೆ ಕೈಬರಹ, ಬೇರೆ ಬೇರೆ ಬಣ್ಣದ ಪೆನ್ನು. ಹುಡುಗಿಯ ಮೊಬೈಲು ಸತ್ತಿತ್ತು, ಅಂಗಡಿಯವರು ತಮ್ಮ ಚಾರ್ಜರ್ ಕೊಟ್ಟು, ಅವಳ ಅಮ್ಮನಿಗೆ ತಮ್ಮ ಫೋನಿನಿಂದಲೇ ಹೇಳಿದರು, "ನಿಮ್ಮ ಮಗಳು ಇಲ್ಲಿದ್ದಾಳೆ, ಗಾಬರಿ ಬೇಡ, ಬಸ್ಸಿಗೆ ನಾನೇ ಹತ್ತಿಸ್ತೇನೆ." ನಾನು ಪತ್ರಿಕೆಗೆ ಬರೆಯುವವನೆಂದು ಗೊತ್ತಾದ ಮೇಲೆ ಅವರು ತಮ್ಮ ಬಗ್ಗೆ ಏನೂ ಹೇಳಲಿಲ್ಲ. "ಬರೀಲಿಕ್ಕಿದ್ರೆ ಇದೊಂದು ಬರೀರಿ," ಎಂದರು. "ಈ ನಿಲುಗಡೆಗೆ ಒಂದು ಮಾಡು ಹಾಕಿಸಿ ಕೊಡ್ಲಿಕ್ಕೆ ಹೇಳಿ. ನನ್ನ ಅಂಗಡಿಯಲ್ಲಿ ಆರು ಜನಕ್ಕಿಂತ ಹೆಚ್ಚು ನಿಲ್ಲಿಸ್ಲಿಕ್ಕೆ ಆಗುದಿಲ್ಲ. ಒಂಬತ್ತು ಗಂಟೆಗೆ ನಾನು ಬಾಗಿಲು ಹಾಕಿದ ಮೇಲೆ ಬರುವವರು ಎಲ್ಲಿ ನಿಲ್ಲುದು?"