ಹಿತ್ತಿಲಿಗೆ ಫೈರ್ ಪಿಟ್: ಮೊದಲು ಜಾಗ ನೋಡಿ, ಆಮೇಲೆ ಮಾಡೆಲ್

ಚಳಿ ಶುರುವಾಗ್ತಿದ್ದ ಹಾಗೆ ಪುಣೆಯ ರೋ ಹೌಸ್, ಹೈದರಾಬಾದಿನ ವಿಲ್ಲಾ, ಗುರುಗ್ರಾಮದ ಗ್ರೌಂಡ್ ಫ್ಲೋರಿನಲ್ಲಿರೋ ನಮ್ಮವರು ಕೇಳೋ ಪ್ರಶ್ನೆ ಒಂದೇ: ಹಿತ್ತಿಲಿಗೆ ಯಾವ ಫೈರ್ ಪಿಟ್ ತಗೊಳ್ಳೋದು? ಹೆಸರು ಹೊಸದು, ವಸ್ತು ಹಳೇದು. ನಮ್ಮ ಅಗ್ಗಿಷ್ಟಿಕೆಯ ದೊಡ್ಡಣ್ಣ ಅಷ್ಟೇ. ಆದರೆ ಇದು ಫೋಟೋ ನೋಡಿ ಆರ್ಡರ್ ಮಾಡೋ ಸಾಮಾನಲ್ಲ. ರಿಕ್ವೈರ್‌ಮೆಂಟ್ ಬರೆದುಕೊಂಡು ಆಮೇಲೆ ಕೊಳ್ಳೋಣ.

ಮೊದಲನೆಯದು ಜಾಗ. ಗೋಡೆ, ಒಣ ಬೇಲಿ, ಶೆಡ್, ಕಾರು, ಎಲ್ಲದರಿಂದ ಕನಿಷ್ಠ 3 ಮೀಟರ್ ದೂರ ಇರಬೇಕು. ತಲೆ ಎತ್ತಿದರೆ ಆಕಾಶ ಕಾಣಬೇಕು. ಮೇಲೆ ಬಾಲ್ಕನಿ, ಮರದ ಕೊಂಬೆ, ಕೇಬಲ್ ಇದ್ದರೆ ಆ ಜಾಗ ಬೇಡ. ಟೆರೇಸ್ ಮೇಲೆ ಇಡಬಹುದಾ? ಕಟ್ಟಿಗೆಯದು ಬೇಡ. ವಿಟ್ರಿಫೈಡ್ ಟೈಲ್ ಶಾಖಕ್ಕೆ ಬಿರಿಯುತ್ತೆ, ಕೆಳಗಿನ ವಾಟರ್‌ಪ್ರೂಫಿಂಗ್ ಹಾಳಾಗುತ್ತೆ. ನಿಮ್ಮ ಟೆರೇಸ್ ಇನ್ನೊಬ್ಬರ ಮನೆಯ ತಾರಸಿ ಅನ್ನೋದು ನೆನಪಿರಲಿ. ಬಾಡಿಗೆ ಮನೆಯಾದರೆ ಓನರ್ ಒಪ್ಪಿಗೆ ಬರವಣಿಗೆಯಲ್ಲಿ ತಗೊಳ್ಳಿ, ಸೊಸೈಟಿ ನಿಯಮ ಒಮ್ಮೆ ಓದಿ.

ದೆಹಲಿ, ಗುರುಗ್ರಾಮ, ನೋಯ್ಡಾದವರಿಗೆ ಇನ್ನೊಂದು ಮಾತು. ಅಲ್ಲಿ ಚಳಿಗಾಲದಲ್ಲಿ ಗಾಳಿ ಕೆಟ್ಟಾಗ ಗ್ರಾಪ್ ನಿರ್ಬಂಧಗಳು ಜಾರಿಗೆ ಬರುತ್ತವೆ. ಬಯಲಲ್ಲಿ ಕಟ್ಟಿಗೆ, ಕಸ ಸುಡೋ ಹಾಗಿಲ್ಲ. ಕಾವಲುಗಾರರು ಬೆಂಕಿ ಹಾಕದಿರಲಿ ಅಂತ ಅವರಿಗೆ ಎಲೆಕ್ಟ್ರಿಕ್ ಹೀಟರ್ ಕೊಡಿ ಎಂದು ಸೊಸೈಟಿಗಳಿಗೇ ಹೇಳಿದ್ದಾರೆ. ಫೈರ್ ಪಿಟ್ ಬೇಕಾಗೋ ತಿಂಗಳುಗಳಲ್ಲೇ ಅದನ್ನು ಹಚ್ಚೋಕೆ ಆಗಲ್ಲ ಅಂದಮೇಲೆ ಕಟ್ಟಿಗೆಯ ಮಾಡೆಲ್‌ಗೆ ದುಡ್ಡು ಹಾಕೋದು ದಂಡ.

ಎರಡನೆಯದು ಇಂಧನ. ಹೊಗೆ ಅಂದ್ರೆ ಪೂರ್ತಿ ಉರಿಯದೆ ತಪ್ಪಿಸಿಕೊಂಡ ಇಂಧನ. ಬಚ್ಚಲೊಲೆಗೆ ಊದುಗೊಳವೆಯಲ್ಲಿ ಊದಿದ್ದೀರಲ್ಲ? ಹೊಗೆಯಾಡ್ತಿದ್ದ ಒಲೆ ಭಗ್ ಅಂತ ಹತ್ತಿಕೊಳ್ಳುತ್ತಿತ್ತು. ‘ಸ್ಮೋಕ್‌ಲೆಸ್’ ಪಿಟ್ ಅದೇ ಕೆಲಸವನ್ನು ತಾನಾಗೇ ಮಾಡುತ್ತೆ. ಎರಡು ಗೋಡೆಗಳ ನಡುವೆ ಗಾಳಿ ಬಿಸಿಯಾಗಿ ಮೇಲೇರಿ, ಅಂಚಿನ ರಂಧ್ರಗಳಿಂದ ಹೊರಬಂದು ಹೊಗೆಯನ್ನು ಸುಡುತ್ತೆ. ಅಕ್ಕಪಕ್ಕ ಮನೆಗಳಿದ್ದರೆ ಇದೇ ವಾಸಿ. ಆದರೆ ಗೋಡೆ ಆಳವಾದ್ದರಿಂದ ಶಾಖ ಹೆಚ್ಚಾಗಿ ಮೇಲಕ್ಕೆ ಹೋಗುತ್ತೆ. ಕಾಲಿಗೆ ಬೆಚ್ಚಗೆ ಬೇಕೆಂದರೆ ಅಗಲವಾದ, ತೆರೆದ ಬಾಣಲೆಯಂಥದ್ದೇ ಸರಿ. ನಾಲ್ಕೈದು ಜನಕ್ಕೆ 60ರಿಂದ 75 ಸೆಂಟಿಮೀಟರ್ ಅಗಲ ಸಾಕು.

ಯಾವ ಪಿಟ್ ಆದರೂ ಹಸಿ ಕಟ್ಟಿಗೆ ಹಾಕಿದರೆ ಹೊಗೆಯೇ. ತೇವಾಂಶ 20 ಶೇಕಡಾಕ್ಕಿಂತ ಕಮ್ಮಿ ಇರಬೇಕು. ಎರಡು ತುಂಡು ತಟ್ಟಿ ನೋಡಿ: ಟಣ್ ಅಂದರೆ ಒಣಗಿದೆ, ದಬ್ ಅಂದರೆ ಇಲ್ಲ. ಪುಣೆಯಲ್ಲಿ ಬಾಭೂಳ್, ಹೈದರಾಬಾದಿನಲ್ಲಿ ತುಮ್ಮ ಅಂತ ಕೇಳಿ. ಎರಡೂ ನಮ್ಮ ಕರಿಜಾಲಿಯೇ, ಒಳ್ಳೆ ಕೆಂಡ ಕೊಡುತ್ತೆ. ಪ್ಲೈವುಡ್, ಬಣ್ಣ ಹಚ್ಚಿದ ಮರ ಬೇಡ, ಅದರ ಹೊಗೆ ವಿಷ.

ಗ್ಯಾಸ್ ಮಾಡೆಲ್‌ನಲ್ಲಿ ಹೊಗೆ, ಬೂದಿ ಇಲ್ಲ. ಲೆಕ್ಕ ಮಾತ್ರ ಮಾಡಿಕೊಳ್ಳಿ. ಬಾಕ್ಸ್ ಮೇಲೆ 50,000 ಬಿಟಿಯು ಅಂತಿದ್ದರೆ ಸುಮಾರು 15 ಕಿಲೋವ್ಯಾಟ್. ಪೂರ್ತಿ ಉರಿಯಲ್ಲಿ ಗಂಟೆಗೆ ಸುಮಾರು 1.2 ಕಿಲೋ ಎಲ್‌ಪಿಜಿ. 19 ಕಿಲೋ ಕಮರ್ಷಿಯಲ್ ಸಿಲಿಂಡರ್ ಹದಿನಾರು ಗಂಟೆ, ಅಂದ್ರೆ ಐದು ಸಂಜೆ. ಅಡುಗೆಮನೆಯ 14.2 ಕಿಲೋ ಸಿಲಿಂಡರ್ ಇದಕ್ಕೆ ಬಳಸೋ ಹಾಗಿಲ್ಲ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಮೇಲೆ ಹೋಗದೆ ತಗ್ಗಿನಲ್ಲಿ ಕೂರುತ್ತೆ. ಹಾಗಾಗಿ ನೆಲದೊಳಗೆ ಗುಂಡಿ ತೋಡಿ ಗ್ಯಾಸ್ ಬರ್ನರ್ ಕೂರಿಸೋ ಸಾಹಸ ಬೇಡ.

ಮೂರನೆಯದು ಲೋಹ, ಕಲ್ಲು. ತೆಳು ತಗಡು ಒಂದೆರಡು ಸೀಸನ್‌ನಲ್ಲೇ ಸೊಟ್ಟಗಾಗುತ್ತೆ. ದಪ್ಪ ಉಕ್ಕು ಅಥವಾ ಸ್ಟೇನ್‌ಲೆಸ್ ತಗೊಳ್ಳಿ. ಮಳೆನೀರು ಹೋಗೋಕೆ ತಳದಲ್ಲಿ ತೂತು, ಮೇಲೆ ಕಿಡಿ ತಡೆಯೋ ಜಾಲರಿ ಇರಲಿ. ಸತು ಲೇಪದ ಹಳೇ ಬಕೆಟ್, ಡ್ರಮ್ ಕತ್ತರಿಸಿ ಮಾಡಬೇಡಿ. ಸತು 420 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕರಗುತ್ತೆ, ಇನ್ನೂ ಕಾದರೆ ಆವಿಯಾಗುತ್ತೆ. ಆ ಹೊಗೆ ಕುಡಿದರೆ ಜ್ವರ ಬರುತ್ತೆ. ಹೊಳೆಯ ದುಂಡುಕಲ್ಲು ಜೋಡಿಸೋದೂ ಬೇಡ. ಒಳಗಿನ ನೀರು ಆವಿಯಾಗಿ ಕಲ್ಲು ಸಿಡಿಯಬಹುದು. ಕಟ್ಟಿಸೋದಾದರೆ ಒಳಪದರಕ್ಕೆ ಫೈರ್ ಬ್ರಿಕ್ ಹಾಕಿಸಿ.

ಕೊನೆಯದು ಎಲ್ಲಕ್ಕಿಂತ ಮುಖ್ಯ. ಹೊಗೆ ನಿಂತ ಕೆಂಡ ಸುರಕ್ಷಿತ ಅನ್ನಿಸುತ್ತೆ, ಆದರೆ ಕೆಂಡ ಕಾರ್ಬನ್ ಮೊನಾಕ್ಸೈಡ್ ಬಿಡುತ್ತಲೇ ಇರುತ್ತೆ. ಬಣ್ಣ ಇಲ್ಲ, ವಾಸನೆ ಇಲ್ಲ. ಉತ್ತರ ಭಾರತದಲ್ಲಿ ಪ್ರತಿ ಚಳಿಗಾಲ ಅಂಗೀಠಿಯನ್ನು ಕೋಣೆಯೊಳಗೆ ಇಟ್ಟು ಮಲಗಿದವರು ಬೆಳಗ್ಗೆ ಏಳದಿರೋ ಸುದ್ದಿ ಬರುತ್ತೆ. ಊರಿಂದ ಬಂದ ಅಪ್ಪ ಅಮ್ಮನಿಗೆ ಚಳಿ ಅಂತ ಉಳಿದ ಕೆಂಡವನ್ನು ಒಳಗೆ ತರಬೇಡಿ. ಕಿಟಕಿ ಸ್ವಲ್ಪ ತೆರೆದಿಟ್ಟರೂ ಬೇಡ. ಅವರಿಗೆ ಆಯಿಲ್ ಹೀಟರ್ ಕೊಡಿ.

ಮಲಗೋ ಮುಂಚೆ ಕಟ್ಟಿಗೆಯ ಬೆಂಕಿಗೆ ದೂರ ನಿಂತು ಸ್ವಲ್ಪ ಸ್ವಲ್ಪವೇ ನೀರು ಚಿಮುಕಿಸಿ, ಕೆದಕಿ, ಮತ್ತೆ ಚಿಮುಕಿಸಿ. ಬೂದಿಯ ಕೆಳಗೆ ಕೆಂಡ ಬೆಳಗ್ಗೆವರೆಗೂ ಬದುಕಿರುತ್ತೆ, ಪ್ಲಾಸ್ಟಿಕ್ ಡಸ್ಟ್‌ಬಿನ್‌ಗೆ ಸುರಿಯಬೇಡಿ. ಇವತ್ತು ಸಂಜೆ ಒಂದು ಟೇಪ್ ಹಿಡಿದು ಹಿತ್ತಿಲು ಅಳೆಯಿರಿ. ನಾಲ್ಕೂ ಕಡೆ 3 ಮೀಟರ್ ಸಿಕ್ಕರೆ ಮಾಡೆಲ್ ಹುಡುಕಿ. ಸಿಗದಿದ್ದರೆ ಒಳ್ಳೆ ಕಂಬಳಿ ತಗೊಳ್ಳಿ, ಬಿಸಿ ಕಾಫಿ ಹೇಗೂ ಇದ್ದೇ ಇದೆ.